ದೂರದವರ ಕಣ್ಣೀರು, ನಮ್ಮೂರಿನ ಕೈಗಳು

(ಸಂಘದ ವಾರ್ಷಿಕ ಮಹಾಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)

 

ದೂರದ ದೇಶಗಳಲ್ಲಿ ಭೂಕಂಪ, ಬರಗಾಲ, ಯುದ್ಧಗಳಿಂದ ನೊಂದವರಿಗಾಗಿ ನಮ್ಮಂತಹ ಸಣ್ಣ ಊರಿನ ಜನ ಏನು ಮಾಡಬಹುದು, ಅದನ್ನು ಹೇಗೆ ಮಾಡಬೇಕು ಎಂಬುದರ ಬಗ್ಗೆ ಮಾತನಾಡಲು ಸಂಘದವರು ನನಗೆ ಸೂಚಿಸಿದ್ದಾರೆ. ಈ ವಿಷಯವನ್ನು ಸುಮ್ಮನೆ ಆರಿಸಿಕೊಂಡದ್ದಲ್ಲ. ಇಂತಹ ಸಂದರ್ಭಗಳಿಗಾಗಿ ಒಂದು ಸ್ಥಾಯಿ ಪರಿಹಾರ ಸಮಿತಿ ಇರಬೇಕೇ ಬೇಡವೇ ಎಂಬ ಗೊತ್ತುವಳಿ ಇಂದು ಸಂಜೆ ತಮ್ಮ ಮುಂದೆ ಬರಲಿದೆ. ಬೆಳಗಿನ ಅಧಿವೇಶನದಲ್ಲಿ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು ಕೇಳಿದ ಪ್ರಶ್ನೆಯನ್ನು ತಾವೆಲ್ಲರೂ ಕೇಳಿದ್ದೀರಿ. "ನಮ್ಮ ಮಕ್ಕಳ ಕಾಲೇಜು ಫೀಸಿಗೇ ದುಡ್ಡು ಸಾಲುತ್ತಿಲ್ಲ. ಹಾಗಿರುವಾಗ ನಕ್ಷೆಯಲ್ಲಿ ಹುಡುಕಬೇಕಾದ ಊರಿಗೆ ನಾವು ಯಾಕೆ ಹಣ ಕಳಿಸಬೇಕು?" ಎಂದು ಅವರು ಕೇಳಿದರು. ಕೆಲವರು ಮುಖ ಸಿಂಡರಿಸಿದರು. ಆದರೆ ಆ ಪ್ರಶ್ನೆ ಕಲ್ಲೆದೆಯ ಪ್ರಶ್ನೆಯಲ್ಲ. ಸಂಘದ ಖಜಾನೆಯನ್ನು ಪೈಸೆ ಪೈಸೆ ಲೆಕ್ಕ ಹಾಕಿ ಕಾಪಾಡಿಕೊಂಡು ಬಂದವರ ಪ್ರಶ್ನೆ ಅದು. ಅದಕ್ಕೆ ಭಾವಾವೇಶದಿಂದಲ್ಲ, ಗೌರವದಿಂದ ಉತ್ತರ ಕೊಡಬೇಕು. ಉತ್ತರಕ್ಕೆ ಮೊದಲು ಚರಿತ್ರೆಯ ಕೆಲವು ಪುಟಗಳನ್ನು ತಮ್ಮ ಮುಂದೆ ತೆರೆದಿಡುತ್ತೇನೆ.

ನೂರ ಎಪ್ಪತ್ತು ಡಾಲರಿನ ಕಥೆ

1845ರಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆಗೆ ಅಂಗಮಾರಿ ರೋಗ ಬಿತ್ತು. ಅಲ್ಲಿನ ಬಡ ಕೃಷಿಕರಿಗೆ ಆಲೂಗಡ್ಡೆಯೇ ಅನ್ನ. ವರ್ಷದಿಂದ ವರ್ಷಕ್ಕೆ ಬೆಳೆ ಕೊಳೆಯಿತು. ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಹಸಿವು ಮತ್ತು ರೋಗದಿಂದ ಸತ್ತರು. ಇನ್ನೂ 10 ಲಕ್ಷಕ್ಕೂ ಹೆಚ್ಚು ಜನ ಹಡಗು ಹತ್ತಿ ದೇಶ ಬಿಟ್ಟರು.

ಆ ಕಾಲದಲ್ಲಿ ಮೊದಲ ಸಹಾಯ ಬಂದ ಕಡೆಗಳಲ್ಲಿ ನಮ್ಮ ದೇಶದ ಕಲ್ಕತ್ತಾ ಒಂದು ಎಂದರೆ ಅನೇಕರಿಗೆ ಆಶ್ಚರ್ಯವಾಗಬಹುದು. ಅಲ್ಲಿ ಬ್ರಿಟಿಷ್ ಸೈನ್ಯದಲ್ಲಿದ್ದ ಐರಿಷ್ ಸಿಪಾಯಿಗಳೂ ಇತರರೂ ಸೇರಿ ಚಂದಾ ಎತ್ತಿ ಸುಮಾರು 14,000 ಪೌಂಡ್ ಕಳಿಸಿಕೊಟ್ಟರು. ಉಸ್ಮಾನಿಯಾ ಸುಲ್ತಾನ ಅಬ್ದುಲ್ ಮಜೀದರು 1,000 ಪೌಂಡ್ ಕೊಟ್ಟರು. ಮುಸ್ಲಿಮ್ ದೊರೆಯೊಬ್ಬ ಕ್ರೈಸ್ತ ರೈತರ ಹಸಿವಿಗೆ ಕೊಟ್ಟ ಆ ದೇಣಿಗೆಯನ್ನು ಐರ್ಲೆಂಡಿನ ಜನ ಇಂದಿಗೂ ನೆನೆಯುತ್ತಾರೆ.

ಆದರೆ ನಾನು ತಮ್ಮ ಗಮನಕ್ಕೆ ತರಬೇಕೆಂದಿರುವುದು ಸುಲ್ತಾನರ ದೇಣಿಗೆಯನ್ನಲ್ಲ. ಅಮೆರಿಕದಲ್ಲಿ ಚಾಕ್ಟಾ ಎಂಬ ಮೂಲನಿವಾಸಿ ಜನಾಂಗವಿದೆ. 1831ರಿಂದ ಅಲ್ಲಿನ ಸರಕಾರ ಅವರನ್ನು ಅವರ ಪೂರ್ವಜರ ನೆಲದಿಂದ ಎಬ್ಬಿಸಿ, ಚಳಿಯಲ್ಲಿ ನೂರಾರು ಮೈಲಿ ನಡೆಸಿ, ಪಶ್ಚಿಮದ ಬೇರೆ ಪ್ರದೇಶಕ್ಕೆ ಅಟ್ಟಿತು. ದಾರಿಯಲ್ಲಿ ಸಾವಿರಾರು ಮಂದಿ ಸತ್ತರು. ಆ ಗಾಯ ಮಾಯುವ ಮೊದಲೇ, 1847ರ ಮಾರ್ಚ್ 23ರಂದು, ಇಂದಿನ ಓಕ್ಲಹೋಮಾ ರಾಜ್ಯದ ಸ್ಕಲಿವಿಲ್ ಎಂಬ ಊರಿನಲ್ಲಿ ಒಂದು ಸಭೆ ಸೇರಿತು. ತಾವು ಕಂಡೂ ಕೇಳಿಯೂ ಇರದ ಐರಿಷ್ ಜನರ ಹಸಿವಿಗಾಗಿ ಚಾಕ್ಟಾ ಜನ ಆ ಸಭೆಯಲ್ಲಿ 170 ಡಾಲರ್ ಕೂಡಿಸಿದರು. ಸ್ವತಃ ನಿರ್ಗತಿಕರಾದವರು ಕೊಟ್ಟ ಹಣ ಅದು.

ಆ ಹಣದಿಂದ ಬರಗಾಲ ನಿಂತಿತೇ? ಇಲ್ಲ. ಆದರೆ ಆ 170 ಡಾಲರ್ ಇನ್ನೂ ಮುಗಿದಿಲ್ಲ. 2017ರಲ್ಲಿ ಐರ್ಲೆಂಡಿನ ಕಾರ್ಕ್ ಕೌಂಟಿಯ ಮಿಡ್ಲ್‌ಟನ್ ಎಂಬ ಊರಿನವರು ಉಕ್ಕಿನ ಒಂಬತ್ತು ಹದ್ದಿನ ಗರಿಗಳನ್ನು ವರ್ತುಲಾಕಾರವಾಗಿ ನಿಲ್ಲಿಸಿ ಅದಕ್ಕೆ ಕಟ್ಟಿದ ಸ್ಮಾರಕವನ್ನು ಅನಾವರಣಗೊಳಿಸಿದರು. 2018ರಲ್ಲಿ ಐರ್ಲೆಂಡಿನ ಪ್ರಧಾನಿ ಚಾಕ್ಟಾ ಜನರ ನಡುವೆ ಹೋಗಿ, ಅವರ ಮಕ್ಕಳು ಐರ್ಲೆಂಡಿಗೆ ಬಂದು ಓದಲು ವಿದ್ಯಾರ್ಥಿವೇತನವೊಂದನ್ನು ಪ್ರಕಟಿಸಿದರು. 2020ರಲ್ಲಿ ಕೊರೋನಾ ಕಾಲದಲ್ಲಿ ಅಮೆರಿಕದ ನವಾಹೊ ಮತ್ತು ಹೋಪಿ ಮೂಲನಿವಾಸಿಗಳು ನೀರು, ಆಹಾರಕ್ಕೆ ಪರದಾಡುವಾಗ, ಚಾಕ್ಟಾ ಋಣವನ್ನು ನೆನೆದು ಸಾವಿರಾರು ಐರಿಷ್ ಜನ ಹಣ ಕಳಿಸಿದರು. ನೂರ ಎಪ್ಪತ್ತಮೂರು ವರ್ಷಗಳ ನಂತರ!

ಬೆಳಗ್ಗೆ ಪ್ರಶ್ನೆ ಕೇಳಿದ ನಮ್ಮ ಹಿರಿಯರು ವಿದ್ಯಾರ್ಥಿವೇತನದ ಚಿಂತೆಯಿಂದಲೇ ಆ ಪ್ರಶ್ನೆ ಕೇಳಿದರು. ದೂರದವರಿಗೆ ಕೊಟ್ಟದ್ದು ಯಾವ ದಾರಿಯಲ್ಲಿ, ಯಾರ ಮಕ್ಕಳ ವಿದ್ಯಾರ್ಥಿವೇತನವಾಗಿ ಮರಳುತ್ತದೆ ಎಂದು ಕೊಡುವವನು ಹೇಳಲಾರ. ಮರಳಲಿ ಎಂದು ಕೊಡಲೂಬಾರದು. ಆದರೆ ಬಡವರು ಬಡವರಿಗೆ ಕೊಡಲಾರರು ಎಂಬ ವಾದವನ್ನು ಆ ನೂರ ಎಪ್ಪತ್ತು ಡಾಲರ್ ಸುಳ್ಳು ಮಾಡಿದೆ.

ಹಣ ಮಾತ್ರವಲ್ಲ, ಕೈಯ ಕಸುಬೂ ಬೇಕು

ಎರಡನೆಯ ಪುಟ ನಮ್ಮ ದೇಶದ್ದೇ. 1912ರಲ್ಲಿ ಬಾಲ್ಕನ್ ಯುದ್ಧ ಆರಂಭವಾದಾಗ ತುರ್ಕಿಯ ಆಸ್ಪತ್ರೆಗಳು ಗಾಯಾಳುಗಳಿಂದ ತುಂಬಿಹೋದವು. ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆ ಕಲಿತು ಬಂದಿದ್ದ ಡಾ. ಮುಖ್ತಾರ್ ಅಹ್ಮದ್ ಅನ್ಸಾರಿಯವರು ಆಗ ದಿಲ್ಲಿಯಲ್ಲಿ ವೈದ್ಯರಾಗಿದ್ದರು. ಮೌಲಾನಾ ಮುಹಮ್ಮದ್ ಅಲಿಯವರು ತಮ್ಮ 'ಕಾಮ್ರೇಡ್' ಪತ್ರಿಕೆಯ ಮೂಲಕ ದೇಶವಾಸಿಗಳಿಗೆ ಮನವಿ ಮಾಡಿದರು. ಊರೂರಲ್ಲಿ ಚಂದಾ ಎತ್ತಲಾಯಿತು. ಅಲಿಗಢ ಕಾಲೇಜಿನ ವಿದ್ಯಾರ್ಥಿಗಳು ತಮ್ಮ ಊಟದ ಖರ್ಚಿನಲ್ಲಿ ಉಳಿಸಿ ಹಣ ಕೊಟ್ಟರು. ಆ ವರ್ಷದ ಡಿಸೆಂಬರಿನಲ್ಲಿ ಡಾ. ಅನ್ಸಾರಿಯವರ ನೇತೃತ್ವದ ವೈದ್ಯಕೀಯ ತಂಡ ಮುಂಬಯಿಯಿಂದ ಹಡಗು ಹತ್ತಿತು. ಓದನ್ನು ಬದಿಗಿಟ್ಟು ಗಾಯಾಳುಗಳ ಶುಶ್ರೂಷೆಗೆ ಹೊರಟ ಅಲಿಗಢದ ಯುವಕರೂ ಆ ತಂಡದಲ್ಲಿದ್ದರು. ಅವರು 1913ರ ಬೇಸಿಗೆಯವರೆಗೆ ಅಲ್ಲಿದ್ದು ಸೇವೆ ಮಾಡಿ ಮರಳಿದರು. ತಂಡದಲ್ಲಿದ್ದ ಪೇಶಾವರದ ಅಬ್ದುರ್ರಹ್ಮಾನ್ ಎಂಬ ಯುವಕ ಅಲ್ಲೇ ಉಳಿದು, ಮುಂದೆ ಅಫ್ಘಾನಿಸ್ತಾನದಲ್ಲಿ ತುರ್ಕಿಯ ರಾಯಭಾರಿಯೂ ಆದರು.

ಇದರಿಂದ ನಮ್ಮ ದೇಶಕ್ಕೇನು ಸಿಕ್ಕಿತು? ಡಾ. ಅನ್ಸಾರಿ ಅದೇ ಸೇವಾಭಾವವನ್ನು ಹೊತ್ತು ಸ್ವಾತಂತ್ರ್ಯ ಹೋರಾಟಕ್ಕೆ ಇಳಿದರು. 1927ರ ಮದರಾಸು ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದರು. 1920ರಲ್ಲಿ ಹುಟ್ಟಿದ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ಸ್ಥಾಪಕರಲ್ಲಿ ಒಬ್ಬರಾಗಿ, ಕುಲಾಧಿಪತಿಯಾಗಿ, 1936ರಲ್ಲಿ ಕೊನೆಯುಸಿರೆಳೆಯುವವರೆಗೂ ಆ ವಿದ್ಯಾಸಂಸ್ಥೆಯನ್ನು ಕಾಪಾಡಿದರು. ದೂರದ ಗಾಯಾಳುವಿನ ಗಾಯ ಕಟ್ಟಿದ ಕೈಗಳೇ ಮನೆಯ ಮಕ್ಕಳಿಗೆ ವಿಶ್ವವಿದ್ಯಾಲಯವನ್ನೂ ಕಟ್ಟಿದವು ಎಂಬುದನ್ನು ಗಮನಿಸಬೇಕು.

"ಇವರು ಮುಸ್ಲಿಮರು, ಮುಸ್ಲಿಮ್ ದೇಶಕ್ಕೆ ಹೋದರು, ಅದರಲ್ಲಿ ವಿಶೇಷವೇನು?" ಎಂದು ಯಾರಾದರೂ ಕೇಳಬಹುದು. ಅದಕ್ಕಾಗಿ ಮೂರನೆಯ ಪುಟ. ನಮ್ಮ ಗಡಿಗೆ ಅಂಟಿಕೊಂಡಿರುವ, ಇಂದಿಗೂ ಕನ್ನಡ ಮಾತನಾಡುವವರಿರುವ ಸೊಲ್ಲಾಪುರ ಪಟ್ಟಣದಲ್ಲಿ 1910ರಲ್ಲಿ ದ್ವಾರಕಾನಾಥ ಶಾಂತಾರಾಮ ಕೋಟ್ನಿಸ್ ಹುಟ್ಟಿದರು. 1937ರಲ್ಲಿ ಜಪಾನ್ ಚೀನಾದ ಮೇಲೆ ಯುದ್ಧ ಹೂಡಿತು. ಅಲ್ಲಿನ ಸೇನಾನಿ ಝು ದೆ ಅವರು ವೈದ್ಯರನ್ನು ಕಳಿಸಿರೆಂದು ಜವಾಹರಲಾಲ್ ನೆಹರೂ ಅವರಿಗೆ ಬರೆದರು. 1938ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷ್‌ಚಂದ್ರ ಬೋಸ್ ದೇಶಕ್ಕೆ ಮನವಿ ಮಾಡಿ ಜುಲೈ 7ರಿಂದ 9ರವರೆಗೆ ಚೀನಾ ದಿನಗಳನ್ನು ಆಚರಿಸಿದರು. ಆ ದಿನಗಳಲ್ಲಿ 22,000 ರೂಪಾಯಿ ಕೂಡಿತು. ಪರಾಧೀನವಾಗಿದ್ದ, ಬಡತನದಲ್ಲಿದ್ದ ದೇಶವೊಂದು ಇನ್ನೊಂದು ದೇಶಕ್ಕಾಗಿ ಎತ್ತಿದ ಹಣ ಅದು. ಐವರು ವೈದ್ಯರು ಹೋದರು, ನಾಲ್ವರು ಮರಳಿದರು. ಕೋಟ್ನಿಸ್ ಮಾತ್ರ ಅಲ್ಲೇ ಗಾಯಾಳುಗಳಿಗೆ ಹಗಲಿರುಳೆನ್ನದೆ ಶಸ್ತ್ರಚಿಕಿತ್ಸೆ ಮಾಡುತ್ತಾ 1942ರ ಡಿಸೆಂಬರ್ 9ರಂದು ತಮ್ಮ 32ನೆಯ ವಯಸ್ಸಿನಲ್ಲಿ ತೀರಿಕೊಂಡರು. ಚೀನಾ ಮತ್ತು ಭಾರತದ ನಡುವೆ 1962ರಲ್ಲಿ ಯುದ್ಧವಾಯಿತು, ಗಡಿ ತಕರಾರುಗಳಾದವು. ಆದರೂ ಕೋಟ್ನಿಸರ ಸಮಾಧಿಗೆ ಚೀನಾದವರು ಹೂವಿಡುವುದನ್ನು ಮರೆತಿಲ್ಲ.

ಶತ್ರುವಿನ ಮಕ್ಕಳೂ ಮಕ್ಕಳೇ

ಇನ್ನೊಂದೇ ಒಂದು ಪುಟ. 1941ರಲ್ಲಿ ಗ್ರೀಸ್ ದೇಶವನ್ನು ಜರ್ಮನಿ ಮತ್ತು ಅದರ ಮಿತ್ರರು ವಶಪಡಿಸಿಕೊಂಡರು. ಆಕ್ರಮಿಸಿದ ಸೈನ್ಯ ಇದ್ದ ಆಹಾರವನ್ನು ಕಸಿದುಕೊಂಡಿತು. ಹೊರಗಿನಿಂದ ಆಹಾರ ಬರದಂತೆ ಬ್ರಿಟನ್ನಿನ ನೌಕಾಪಡೆ ದಿಗ್ಬಂಧನ ಹಾಕಿತ್ತು. ಇಬ್ಬರ ನಡುವೆ ಸಿಕ್ಕಿ ಅಥೆನ್ಸಿನ ಬೀದಿಗಳಲ್ಲಿ ಜನ ಹಸಿವಿನಿಂದ ಸಾಯತೊಡಗಿದರು. ಆಗ ಆಹಾರ ಹೊತ್ತು ಬಂದ ಹಡಗು ಯಾವುದು ಗೊತ್ತೇ? ತುರ್ಕಿಯ 'ಕುರ್ತುಲುಷ್'. ತುರ್ಕಿ ಮತ್ತು ಗ್ರೀಸ್ 1919ರಿಂದ 1922ರವರೆಗೆ ಪರಸ್ಪರ ಘೋರ ಯುದ್ಧ ಮಾಡಿದ್ದವು. ಅದು ಮುಗಿದು ಇಪ್ಪತ್ತು ವರ್ಷವೂ ಆಗಿರಲಿಲ್ಲ. ಹಾಗಿದ್ದರೂ ಅಮೆರಿಕದಲ್ಲಿ ನೆಲೆಸಿದ್ದ ಗ್ರೀಕರು ಎತ್ತಿದ ಹಣದಿಂದ ತುರ್ಕಿಯಲ್ಲಿ ಆಹಾರ ಖರೀದಿಸಿ, ತುರ್ಕಿಯ ರೆಡ್ ಕ್ರೆಸೆಂಟ್ ಸಂಸ್ಥೆ ಅದನ್ನು ಗ್ರೀಸಿನ ಬಂದರಿಗೆ ಮುಟ್ಟಿಸಿತು. ನಾಲ್ಕು ಸಲ ಹೋಗಿ ಬಂದ ಆ ಹಳೆಯ ಹಡಗು 1942ರ ಜನವರಿಯಲ್ಲಿ ಐದನೆಯ ಸಲ ಹೋಗುವಾಗ ಬಂಡೆಗೆ ಬಡಿದು ಮುಳುಗಿತು. ಬೇರೆ ಹಡಗುಗಳು ಆ ಕೆಲಸವನ್ನು ಮುಂದುವರಿಸಿದವು.

1999ರ ಆಗಸ್ಟ್ 17ರಂದು ತುರ್ಕಿಯಲ್ಲಿ ಭೂಕಂಪವಾದಾಗ ಗ್ರೀಸಿನ ರಕ್ಷಣಾ ತಂಡ ಓಡಿ ಬಂತು. ಮೂರೇ ವಾರದಲ್ಲಿ ಅಥೆನ್ಸಿನಲ್ಲಿ ಭೂಮಿ ನಡುಗಿದಾಗ ತುರ್ಕಿಯ ತಂಡ ಅಲ್ಲಿಗೆ ಓಡಿತು. 2023ರ ಫೆಬ್ರವರಿ 6ರಂದು ತುರ್ಕಿ ಮತ್ತು ಸಿರಿಯಾಗಳಲ್ಲಿ ಮಹಾ ಭೂಕಂಪವಾಗಿ ತುರ್ಕಿಯೊಂದರಲ್ಲೇ 50,000ಕ್ಕೂ ಹೆಚ್ಚು ಜನ ಸತ್ತಾಗ ಗ್ರೀಕರು ಮತ್ತೆ ಬಂದರು. ನಮ್ಮ ದೇಶವೂ 'ಆಪರೇಷನ್ ದೋಸ್ತ್' ಎಂಬ ಹೆಸರಿನಲ್ಲಿ ರಕ್ಷಣಾ ಪಡೆಯನ್ನು ಕಳಿಸಿತು. ಭಾರತೀಯ ಸೇನೆಯ ವೈದ್ಯರು ಇಸ್ಕೆಂದೆರುನ್ ಎಂಬಲ್ಲಿ ಆಸ್ಪತ್ರೆ ತೆರೆದರು. ಡಾ. ಅನ್ಸಾರಿ ಹೋಗಿ 110 ವರ್ಷಗಳಾದ ಮೇಲೆ ಮತ್ತೆ ಭಾರತದ ವೈದ್ಯರು ಆ ನೆಲದಲ್ಲಿ ಗಾಯ ಕಟ್ಟಿದರು.

ಗ್ರೀಸಿನ ಬರಗಾಲದಿಂದ ಕಲಿಯಬೇಕಾದ ಇನ್ನೊಂದು ಪಾಠವಿದೆ. 1942ರ ಅಕ್ಟೋಬರ್ 5ರಂದು ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಒಂದು ಚರ್ಚಿನ ಕೋಣೆಯಲ್ಲಿ ಕೆಲವು ನಾಗರಿಕರು ಸೇರಿದರು. ಒಬ್ಬರು ಪಾದ್ರಿ, ಒಬ್ಬರು ಗ್ರೀಕ್ ಭಾಷೆಯ ವಿದ್ವಾಂಸ, ಹೀಗೆ. ಹಣ ಕೂಡಿಸುವುದೊಂದೇ ಪರಿಹಾರವಲ್ಲ, ತಮ್ಮದೇ ಸರಕಾರದ ದಿಗ್ಬಂಧನ ಆಹಾರಕ್ಕೆ ಅಡ್ಡವಾಗಿದೆ ಎಂಬುದು ಅವರಿಗೆ ತಿಳಿದಿತ್ತು. ಆದ್ದರಿಂದ ಅವರು ಒಂದು ಕೈಯಲ್ಲಿ ಚಂದಾ ಎತ್ತಿದರು, ಇನ್ನೊಂದು ಕೈಯಲ್ಲಿ ಸರಕಾರಕ್ಕೆ ಮನವಿ ಬರೆದರು. ಊರ ಮಟ್ಟದ ಆ ಸಮಿತಿಯೇ ಮುಂದೆ 'ಆಕ್ಸ್‌ಫಾಮ್' ಎಂಬ ಹೆಸರಿನಲ್ಲಿ ಜಗತ್ತಿಗೆ ಪರಿಚಯವಾಯಿತು. 1951ರಲ್ಲಿ ನಮ್ಮ ಬಿಹಾರದಲ್ಲಿ ಬರ ಬಂದಾಗ ಅದೇ ಸಮಿತಿ ಸಹಾಯಕ್ಕೆ ಬಂತು. ಎಲ್ಲಿ ಏನು ತಡೆದಿದೆ ಎಂದು ಮೊದಲು ತಿಳಿಯಬೇಕು. ಕೆಲವೊಮ್ಮೆ ಕೊರತೆ ಹಣದ್ದಾಗಿರುತ್ತದೆ, ಕೆಲವೊಮ್ಮೆ ದಾರಿಯದ್ದಾಗಿರುತ್ತದೆ, ಕೆಲವೊಮ್ಮೆ ನ್ಯಾಯದ್ದಾಗಿರುತ್ತದೆ.

ನಾವು ಮಾಡುವುದಾದರೆ ಹೇಗೆ?

ಚರಿತ್ರೆ ಸಾಕು. ಗೊತ್ತುವಳಿ ಪಾಸಾದರೆ ನಾಳೆಯಿಂದ ಏನು ಮಾಡಬೇಕು ಎಂಬುದಕ್ಕೆ ಬರುತ್ತೇನೆ. ಒಳ್ಳೆಯ ಉದ್ದೇಶದಿಂದ ಮಾಡಿದ ಕೆಟ್ಟ ಕೆಲಸಗಳೂ ಲೋಕದಲ್ಲಿ ಬಹಳ ಇವೆ.

ಮೊದಲನೆಯದು, ವಸ್ತುಗಳಿಗಿಂತ ಹಣ ಮೇಲು. 2004ರ ಡಿಸೆಂಬರ್ 26ರ ಸುನಾಮಿಯ ನಂತರ ತಮಿಳುನಾಡಿನ ನಾಗಪಟ್ಟಣದ ಕಡೆಗೆ ದೇಶದ ಮೂಲೆಮೂಲೆಯಿಂದ ಹಳೆಯ ಬಟ್ಟೆಗಳು ಲಾರಿಗಟ್ಟಲೆ ಬಂದವು. ಮೀನುಗಾರರು ಉಡದ ಬಟ್ಟೆ, ಹರಿದ ಬಟ್ಟೆ, ಉಣ್ಣೆಯ ಅಂಗಿ! ಅವು ರಸ್ತೆಬದಿಯಲ್ಲಿ ರಾಶಿ ಬಿದ್ದು ಮಳೆಗೆ ಕೊಳೆತವು. ಸಂತ್ರಸ್ತರ ಪಾಲಿಗೆ ಅದು ದಾನವಾಗಲಿಲ್ಲ, ಕಸವಾಯಿತು. ನಮ್ಮ ಕಪಾಟು ಖಾಲಿ ಮಾಡುವುದು ಬೇರೆ, ಇನ್ನೊಬ್ಬರ ಮಾನ ಮುಚ್ಚುವುದು ಬೇರೆ. ನೂರು ಮೈಲಿ ದೂರದ ಊರಿಗೇ ಹೀಗಾದರೆ ಸಮುದ್ರದಾಚೆಗೆ ಬಟ್ಟೆ ಮೂಟೆ ಕಳಿಸುವ ಖರ್ಚನ್ನು ಲೆಕ್ಕ ಹಾಕಿ. ಅದೇ ಖರ್ಚಿಗೆ ಆ ಊರಿನ ಅಂಗಡಿಯಲ್ಲೇ ಕಂಬಳಿ ಸಿಗುತ್ತದೆ, ಅಲ್ಲಿನ ವ್ಯಾಪಾರಿಗೂ ಉಸಿರು ಬರುತ್ತದೆ.

ಎರಡನೆಯದು, ಲೆಕ್ಕ. ಸಮಿತಿಯಲ್ಲಿ ಐದರಿಂದ ಏಳು ಜನ ಸಾಕು. ಅವರಲ್ಲಿ ಮಹಿಳೆಯರಿರಬೇಕು, ವಿದ್ಯಾರ್ಥಿಗಳಿರಬೇಕು, ಊರಿನ ಇತರ ಧರ್ಮದ ಒಬ್ಬರಾದರೂ ಇರಬೇಕು. ರಶೀದಿ ಪುಸ್ತಕಕ್ಕೆ ಕ್ರಮಸಂಖ್ಯೆ ಇರಬೇಕು. ಹತ್ತು ರೂಪಾಯಿಗೂ ರಶೀದಿ ಕೊಡಬೇಕು. ಡಬ್ಬಿ ಹಿಡಿದು ಹೋಗುವವರು ಯಾವಾಗಲೂ ಇಬ್ಬರಿರಬೇಕು, ಎಣಿಸುವವರು ಬೇರೆ ಇಬ್ಬರಿರಬೇಕು. ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಬೇಕು. ಸಂಗ್ರಹಕ್ಕೆ ಕೊನೆಯ ದಿನವನ್ನು ಮೊದಲೇ ಸಾರಬೇಕು. ಕೊನೆಯ ದಿನದಿಂದ ಹತ್ತು ದಿನದೊಳಗೆ ಎಷ್ಟು ಬಂತು, ಖರ್ಚೆಷ್ಟಾಯಿತು, ಯಾವ ಸಂಸ್ಥೆಗೆ ಹೋಯಿತು ಎಂಬುದನ್ನು ಮಸೀದಿಯ ಫಲಕದಲ್ಲಿ, ಶಾಲೆಯ ಫಲಕದಲ್ಲಿ, ಬಸ್ ನಿಲ್ದಾಣದ ಅಂಗಡಿಯಲ್ಲಿ ಅಂಟಿಸಬೇಕು. ಝಕಾತಿನ ಹಣಕ್ಕೆ ಎಂಟು ವರ್ಗದ ಹಕ್ಕುದಾರರು ಗೊತ್ತುಮಾಡಲ್ಪಟ್ಟಿರುವುದರಿಂದ ಅದನ್ನು ಸದಖಾ ಮತ್ತು ಸಾಮಾನ್ಯ ದೇಣಿಗೆಯೊಂದಿಗೆ ಬೆರೆಸದೆ ಬೇರೆಯೇ ಇಡಬೇಕು. ಕೊಟ್ಟವನಿಗೆ ಲೆಕ್ಕ ಒಪ್ಪಿಸುವುದು ಉಪಕಾರವಲ್ಲ. ಅದು ಅಮಾನತ್ತು.

ಮೂರನೆಯದು, ಕಾನೂನು. ವಿದೇಶಕ್ಕೆ ಹಣ ಕಳಿಸುವುದಕ್ಕೆ ವಿದೇಶಿ ವಿನಿಮಯದ ಕಾನೂನಿದೆ. ದತ್ತಿ ಸಂಸ್ಥೆಯ ಹಣವನ್ನು ಅನುಮತಿಯಿಲ್ಲದೆ ಹೊರದೇಶದಲ್ಲಿ ಖರ್ಚು ಮಾಡಿದರೆ ಆದಾಯ ತೆರಿಗೆಯ ವಿನಾಯಿತಿಗೆ ಕುತ್ತು ಬರಬಹುದು. ನಮ್ಮ ಲೆಕ್ಕಪರಿಶೋಧಕರನ್ನು ಕೇಳದೆ ಒಂದು ಪೈಸೆಯನ್ನೂ ಕಳಿಸಬಾರದು. ಪರಿಚಿತರ ಕೈಯಲ್ಲಿ ನಗದು ಕೊಟ್ಟು ಕಳಿಸುವ ಮಾತನ್ನು ಯಾರೂ ಎತ್ತಲೂ ಬಾರದು. 1920ರ ಕಾಯಿದೆಯಿಂದ ಸ್ಥಾಪಿತವಾದ ಭಾರತೀಯ ರೆಡ್ ಕ್ರಾಸ್ ಸಂಸ್ಥೆ ಇದೆ, ವಿಶ್ವಸಂಸ್ಥೆಯ ಯುನಿಸೆಫ್‌ನಂತಹ ಸಂಸ್ಥೆಗಳು ನಮ್ಮ ದೇಶದಲ್ಲೇ ದೇಣಿಗೆ ಸ್ವೀಕರಿಸುತ್ತವೆ. ರಶೀದಿ ಸಿಗುವ ನೇರವಾದ ದಾರಿ ಇರುವಾಗ ಕಳ್ಳದಾರಿ ಯಾಕೆ? ಗಲ್ಫಿನಲ್ಲಿರುವ ನಮ್ಮ ಹುಡುಗರಿಗೂ ಒಂದು ಮಾತು ಹೇಳಬೇಕು. ಯುಎಇಯಲ್ಲಿ ಪರವಾನಿಗೆಯಿಲ್ಲದೆ ದೇಣಿಗೆ ಸಂಗ್ರಹಿಸುವುದು ಶಿಕ್ಷಾರ್ಹ ಅಪರಾಧ. ವಾಟ್ಸಪ್ ಗುಂಪಿನಲ್ಲಿ ಒಂದು ಮನವಿ ಹಾಕಿದರೂ ತೊಂದರೆಯಾದೀತು. ನಮ್ಮ ಉತ್ಸಾಹಕ್ಕಾಗಿ ಅವರ ಕೆಲಸ ಹೋಗಬಾರದು.

ನಾಲ್ಕನೆಯದು, ಸತ್ಯ. ದೂರದ ದುರಂತವಾದ ಕೂಡಲೇ ಮೊಬೈಲುಗಳಿಗೆ ಚಿತ್ರಗಳ ಮಳೆ ಸುರಿಯುತ್ತದೆ. ಎಂದೋ ಎಲ್ಲೋ ತೆಗೆದ ಚಿತ್ರ ಇಂದಿನದ್ದಾಗಿ ತಿರುಗುತ್ತದೆ. ಯಂತ್ರವೇ ಸೃಷ್ಟಿಸಿದ ಮಗುವಿನ ಕಣ್ಣೀರು ಈಗ ನಿಜವಾದ ಕಣ್ಣೀರಿನಂತೆಯೇ ಕಾಣುತ್ತದೆ. ಒಂದು ಸುಳ್ಳು ಚಿತ್ರ ಸಿಕ್ಕಿಬಿದ್ದರೆ ನೂರು ನಿಜವಾದ ಸಾವುಗಳನ್ನು ಜನ ನಂಬುವುದಿಲ್ಲ. ಆದ್ದರಿಂದ ಸಮಿತಿ ಪರಿಶೀಲಿಸದ ಯಾವ ಚಿತ್ರವನ್ನೂ ಹಂಚಬಾರದು. ನಿಜವಾದ ಚಿತ್ರವಾದರೂ ಸತ್ತವರ ಮುಖ, ಬೆತ್ತಲೆ ಮೈಯ ಮಗು ಬೇಡ. ನಮ್ಮ ಮನೆಯ ಮಗುವಿನ ಅಂತಹ ಚಿತ್ರವನ್ನು ಅಪರಿಚಿತರು ಗೋಡೆಗೆ ಅಂಟಿಸಿದರೆ ನಾವು ಸಹಿಸುತ್ತೇವೆಯೇ?

ಐದನೆಯದು, ದೂರದ ಬೆಂಕಿಯನ್ನು ಆರಿಸಲು ಹೊರಟವರು ಅದರ ಕಿಡಿಯನ್ನು ನಮ್ಮ ಬೀದಿಗೆ ತರಬಾರದು. ಎಲ್ಲೋ ಒಂದು ಸರಕಾರ ಮಾಡಿದ ಅನ್ಯಾಯಕ್ಕೆ ಇಲ್ಲಿನ ಯಾವ ಸಮುದಾಯವೂ ಹೊಣೆಯಲ್ಲ. ಮೆರವಣಿಗೆ ಮಾಡುವುದಾದರೆ ಪೊಲೀಸರ ಅನುಮತಿ ಪಡೆದು, ಆಂಬುಲೆನ್ಸಿಗೆ ದಾರಿ ಬಿಟ್ಟು, ಮೌನವಾಗಿ ಹೋಗೋಣ. ಮನವಿಯನ್ನು ತಹಶೀಲ್ದಾರರಿಗೆ ಕೊಡೋಣ, ಸಂಸದರಿಗೆ ಪತ್ರ ಬರೆಯೋಣ. ಮತ್ತು ಒಂದು ಪರೀಕ್ಷೆಯನ್ನು ನಮಗೆ ನಾವೇ ಹಾಕಿಕೊಳ್ಳೋಣ. ನಮ್ಮವರಲ್ಲದವರು ಸತ್ತಾಗಲೂ ಈ ಸಮಿತಿ ಡಬ್ಬಿ ಹಿಡಿಯುತ್ತದೆಯೇ? ನೇಪಾಳದಲ್ಲಿ 2015ರ ಏಪ್ರಿಲ್ 25ರಂದು ಭೂಮಿ ಕಂಪಿಸಿ ಸುಮಾರು 9,000 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಹಿಂದೂಗಳು, ಬೌದ್ಧರು. ಅಂತಹವರಿಗೂ ಇದೇ ಸಮಿತಿ ಇದೇ ಬೆವರು ಸುರಿಸುವುದಾದರೆ ಮಾತ್ರ ಇದಕ್ಕೆ ಮಾನವೀಯ ಪರಿಹಾರ ಸಮಿತಿ ಎಂಬ ಹೆಸರು ಒಪ್ಪುತ್ತದೆ. ಇಲ್ಲವಾದರೆ ಬೇರೆ ಹೆಸರಿಡಿ.

ಆರನೆಯದು, ಶಾಲಾ ಮಕ್ಕಳು. ಮಕ್ಕಳನ್ನು ಚಂದಾ ಎತ್ತುವ ಯಂತ್ರ ಮಾಡಬಾರದು. ಯಾವ ತರಗತಿ ಎಷ್ಟು ತಂದಿತೆಂದು ಸ್ಪರ್ಧೆ ಹೂಡಬಾರದು. ಕೊಡದ ಮಗುವಿನ ಹೆಸರನ್ನು ಯಾರೂ ಕೇಳಬಾರದು. ಬೀಡಿ ಕಟ್ಟುವ ತಾಯಿಯ ಮಗಳು ಬರಿಗೈಯಲ್ಲಿ ಬಂದು ತಲೆ ತಗ್ಗಿಸಿ ಕೂರುವಂತಾದರೆ, ದೂರದ ಮಗುವಿನ ಕಣ್ಣೀರು ಒರೆಸಲು ಹತ್ತಿರದ ಮಗುವನ್ನು ಅಳಿಸಿದಂತಾಯಿತು. ಬದಲಾಗಿ ಮಕ್ಕಳಿಂದ ಕೇಳಬೇಕಾದದ್ದು ಬೇರೆ ಇದೆ. ಆ ಊರನ್ನು ನಕ್ಷೆಯಲ್ಲಿ ಹುಡುಕಲಿ. ಅಲ್ಲಿನ ನದಿ ಯಾವುದು, ಜನ ಏನು ಬೆಳೆಯುತ್ತಾರೆ, ಭೂಮಿ ಯಾಕೆ ನಡುಗಿತು, ಮನೆಗಳು ಯಾಕೆ ಕುಸಿದವು ಎಂದು ವಿಜ್ಞಾನದ ಮೇಷ್ಟ್ರನ್ನು ಕೇಳಲಿ, ಒಂದು ಪುಟ ಬರೆದು ಗೋಡೆ ಪತ್ರಿಕೆಗೆ ಅಂಟಿಸಲಿ. ನಾವು ವಿದ್ಯಾಸಂಘದವರು. ನಾವು ಕೊಡುವ ಮೊದಲ ದೇಣಿಗೆ ತಿಳುವಳಿಕೆಯದ್ದಾಗಿರಲಿ. ಡಾ. ಅನ್ಸಾರಿ ಮತ್ತು ಡಾ. ಕೋಟ್ನಿಸ್ ಇಬ್ಬರೂ ಮೊದಲು ಚೆನ್ನಾಗಿ ಓದಿದರು, ಆಮೇಲೆ ಹಡಗು ಹತ್ತಿದರು. ಬರಿಯ ಕನಿಕರ ಹೊತ್ತು ಹೋಗಿದ್ದರೆ ಅವರು ಯಾರ ಗಾಯವನ್ನೂ ಹೊಲಿಯುತ್ತಿರಲಿಲ್ಲ.

ಹಿರಿಯರ ಪ್ರಶ್ನೆಗೆ ಉತ್ತರ

ಈಗ ಬೆಳಗಿನ ಪ್ರಶ್ನೆಗೆ ಬರೋಣ. ನಮ್ಮ ಮಕ್ಕಳ ಫೀಸು ಬಾಕಿ ಇರುವಾಗ ದೂರದವರಿಗೆ ಯಾಕೆ?

ಆ ಹಿರಿಯರ ಮಾತಿನಲ್ಲಿ ಅರ್ಧ ಪೂರ್ಣ ಸತ್ಯ. ವಿದ್ಯಾರ್ಥಿವೇತನದ ನಿಧಿಯಿಂದ ಒಂದು ರೂಪಾಯಿಯನ್ನೂ ಬೇರೆಡೆಗೆ ತಿರುಗಿಸಬಾರದು. ಅದನ್ನು ಕೊಟ್ಟವರು ಮಕ್ಕಳ ಓದಿಗೆಂದು ಕೊಟ್ಟಿದ್ದಾರೆ. ಅವರಲ್ಲಿ ಕೆಲವರು ಈಗ ನಮ್ಮೊಂದಿಗಿಲ್ಲ. ಅವರ ಮಾತನ್ನು ಮುರಿಯುವ ಹಕ್ಕು ನಮಗಿಲ್ಲ. ಆದ್ದರಿಂದ ಸಂಜೆಯ ಗೊತ್ತುವಳಿಗೆ ನಾನು ಒಂದು ತಿದ್ದುಪಡಿ ಸೂಚಿಸುತ್ತೇನೆ. ಪರಿಹಾರ ಸಮಿತಿಗೆ ಪ್ರತ್ಯೇಕ ಸಂಗ್ರಹ, ಪ್ರತ್ಯೇಕ ಖಾತೆ, ಪ್ರತ್ಯೇಕ ಲೆಕ್ಕ ಇರಬೇಕು. ವಿದ್ಯಾರ್ಥಿವೇತನದ ನಿಧಿಯನ್ನು ಅದು ಮುಟ್ಟತಕ್ಕದ್ದಲ್ಲ ಎಂದು ಬರಹದಲ್ಲೇ ಇರಬೇಕು.

ಇನ್ನರ್ಧವನ್ನು ಮಾತ್ರ ನಾನು ಒಪ್ಪಲಾರೆ. ಮನುಷ್ಯನ ಕರುಣೆ ಕೊಡದಲ್ಲಿರುವ ನೀರಲ್ಲ, ದೂರದವನಿಗೆ ಒಂದು ಲೋಟ ಕೊಟ್ಟರೆ ಹತ್ತಿರದವನಿಗೆ ಕಡಿಮೆಯಾಗಲು. ಅದು ಬಾವಿಯ ಒರತೆ. ಸೇದಿದಷ್ಟೂ ಒಸರುತ್ತದೆ, ಸೇದದೆ ಬಿಟ್ಟರೆ ಪಾಚಿಗಟ್ಟುತ್ತದೆ. ದೂರದವರಿಗಾಗಿ ಮನೆಮನೆಗೆ ಹೋಗಲು ಕಲಿತ ಹುಡುಗನಿಗೆ ಯಾವ ಮನೆಯಲ್ಲಿ ಒಲೆ ಹತ್ತಿಲ್ಲ ಎಂಬುದೂ ಆಗಲೇ ಗೊತ್ತಾಗುವುದು. ಅವನು ಕಲಿತ ರಶೀದಿಯ ಶಿಸ್ತು, ಎಣಿಕೆಯ ಶಿಸ್ತು, ನಾಲ್ಕು ಜನರ ಮುಂದೆ ಲೆಕ್ಕ ಓದುವ ಧೈರ್ಯ ಊರಿನಲ್ಲೇ ಉಳಿಯುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ, 2019ರ ಆಗಸ್ಟಿನಲ್ಲಿ ಬೆಳಗಾವಿ, ಬಾಗಲಕೋಟೆಗಳಲ್ಲಿ ಕೃಷ್ಣೆ, ಮಲಪ್ರಭೆಗಳು ಉಕ್ಕಿ ಊರುಗಳು ಮುಳುಗಿದಾಗ ನೆರವು ಎಲ್ಲೆಲ್ಲಿಂದಲೋ ಬಂತು. ಕಳಿಸಿದವರಲ್ಲಿ ಎಷ್ಟೋ ಮಂದಿ ಆ ಊರುಗಳ ಹೆಸರನ್ನು ಅಂದೇ ಮೊದಲ ಸಲ ಕೇಳಿದ್ದರು. ಅವರಿಗೆ ನಾವು ದೂರದವರೇ ಆಗಿದ್ದೆವು. "ನಮ್ಮಲ್ಲೇ ಬಡವರಿದ್ದಾರೆ" ಎಂದು ಅವರೂ ಹೇಳಬಹುದಿತ್ತು. ಅವರು ಹಾಗೆ ಹೇಳಲಿಲ್ಲ.

ಎರಡನೆಯ ತಿದ್ದುಪಡಿಯನ್ನೂ ಸೂಚಿಸಿ ಮುಗಿಸುತ್ತೇನೆ. ಸಮಿತಿಯ ಖಜಾಂಚಿ ಯಾರಾಗಬೇಕೆಂದು ಬೆಳಗಿನಿಂದ ಚರ್ಚೆಯಾಗುತ್ತಿದೆ. ಬೆಳಗ್ಗೆ ಆ ಪ್ರಶ್ನೆ ಕೇಳಿದ ಹಿರಿಯರ ಹೆಸರನ್ನೇ ನಾನು ಸೂಚಿಸುತ್ತೇನೆ. ಕೇಳುವ ಧೈರ್ಯ ಇರುವವರ ಕೈಯಲ್ಲಿ ಹಣವಿದ್ದರೆ ಕೊಡುವವರಿಗೂ ಧೈರ್ಯ ಬರುತ್ತದೆ. ಅವರು ಬೇಡವೆನ್ನಬಾರದೆಂದು ಈ ಸಭೆಯ ಪರವಾಗಿ ಕೇಳಿಕೊಳ್ಳುತ್ತೇನೆ.

 ಅಲ್ಲಾಹನು ನಮ್ಮ ಸಣ್ಣ ಪ್ರಯತ್ನಗಳನ್ನು ಸ್ವೀಕರಿಸಲಿ. ವಸ್ಸಲಾಮ್.